ಎರಡು ಬೆರಳು ಎತ್ತರ

ಬಸ್ಸಿನ ಹಿಂದಿನ ಗಾಜಿನಲ್ಲಿ ಆ ಸೈಕಲ್ಲಿನ ಹುಡುಗಿಯನ್ನು ಕಂಡವಳು ಕಂಡಕ್ಟರ್ ರೇಣು ಒಬ್ಬಳೇ. ಹಾಗಂತ ಬಸ್ಸೇನೂ ಖಾಲಿ ಇರಲಿಲ್ಲ. ಬೈಲಹೊಂಗಲ ಡಿಪೋದಿಂದ ಹೊರಟು ಮುರಗೋಡ, ಮುನವಳ್ಳಿ ಹಾದು ಸವದತ್ತಿಗೆ ಹೋಗುವ ಬೆಳಗಿನ ಮೊದಲ ಗಾಡಿ ಅದು. ದೇವಿಯ ಗುಡ್ಡಕ್ಕೆ ಹೊರಟ ಹೆಂಗಸರು, ಹಾಲಿನ ಕ್ಯಾನು, ಕಾಯಿಪಲ್ಲೆಯ ಬುಟ್ಟಿ, ಎಲ್ಲ ಸೇರಿ ಕಾಲಿಡಲು ಜಾಗವಿರಲಿಲ್ಲ. ಆಧಾರ್ ಕಾರ್ಡು ಹೊರಗೆ ತೆಗೆಯಿರೆಂದು ಗಂಟಲು ಹರಿದುಕೊಳ್ಳುತ್ತ, ಪುಕ್ಕಟೆ ಟಿಕೆಟ್ಟುಗಳನ್ನು ಹಂಚುತ್ತ ಹಿಂದಿನ ಸೀಟಿನವರೆಗೆ ತಲುಪಿದ ರೇಣು, ನಡು ನೆಟ್ಟಗೆ ಮಾಡಿಕೊಳ್ಳಲು ಒಂದು ಗಳಿಗೆ ನಿಂತು ಹೊರಗೆ ನೋಡಿದಳು. ದಟ್ಟವಾಗಿ ಮಂಜು ಬಿದ್ದಿತ್ತು. ಆ ಮಂಜಿನೊಳಗೆ, ಬಸ್ಸಿನ ಬೆನ್ನಿಗೇ ಬಿದ್ದು, ಒಂದು ರೇಸ್ ಸೈಕಲ್ ಬರುತ್ತಿತ್ತು.

ರೇಣುಗೆ ಹೆದರಿಕೆಯಾಗಲಿಲ್ಲ, ಖುಷಿಯಾಯಿತು. ಬಸ್ಸಿನ ಬೆನ್ನು ಹಿಡಿದು ಸೈಕಲ್ ಹೊಡೆಯುವುದು ರೇಸಿನ ಮಕ್ಕಳ ಹಳೆಯ ಚಾಳಿ. ಎದುರು ಗಾಳಿಯನ್ನೆಲ್ಲ ಬಸ್ಸು ತಾನೇ ಸೀಳಿಕೊಂಡು ಹೋಗುತ್ತದೆ, ಹಿಂದೆ ಬಿದ್ದವರಿಗೆ ಪೆಡಲ್ ತುಳಿದದ್ದೇ ಗೊತ್ತಾಗುವುದಿಲ್ಲ. ಡ್ರೈವರ್ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಹಲ್ಲು ಎಣಿಸಿಕೊಳ್ಳುವ ಪಾಳಿ, ಆದರೆ ಆ ವಯಸ್ಸಿನಲ್ಲಿ ಅದೆಲ್ಲ ಯಾರಿಗೆ ಹೊಳೆಯುತ್ತದೆ? ರೇಣು ಕೂಡ ಇದೇ ರಸ್ತೆಯಲ್ಲಿ ಇದೇ ಆಟ ಆಡಿ ಡ್ರೈವರುಗಳಿಂದ ಹೊಟ್ಟೆ ತುಂಬ ಬೈಸಿಕೊಂಡವಳು.

ಹುಡುಗಿಯ ಮುಖ ಕಾಣಲಿಲ್ಲ, ತಲೆ ತಗ್ಗಿಸಿದ್ದಳು. ರೇಣುವಿನ ಕಣ್ಣು ಹೋದದ್ದು ಸೀಟಿನ ಮೇಲೆ. ಆ ಮೈಕಟ್ಟಿಗೆ ಸೀಟು ತಗ್ಗಾಗಿತ್ತು. ಉದ್ದನೆಯ ಹುಡುಗಿ, ಪ್ರತಿ ಸುತ್ತಿಗೂ ಮೊಣಕಾಲು ಎದೆಯ ಕಡೆ ಬಂದು ಮಡಚಿಕೊಳ್ಳುತ್ತಿತ್ತು, ನೋಡುವವರ ಮೊಣಕಾಲೇ ನೋಯುವ ಹಾಗೆ. ಈ ಹುಡುಗಿಯ ಸೀಟನ್ನು ಯಾರಾದರೂ ಒಂದಿಷ್ಟು ಎತ್ತಬಾರದೇ ಎಂದುಕೊಂಡಳು. ಅಷ್ಟರಲ್ಲಿ ಹಿಂದಿನ ಸೀಟಿನ ಶಟ್ಟೆವ್ವ ಮುದುಕಿ ಟಿಕೆಟ್ಟಿಗೆ ಕೈ ಚಾಚಿದಳು. ಕೊಟ್ಟು ತಿರುಗಿದರೆ ಹಿಂದೆ ಬರೀ ರಸ್ತೆ. ಅಡ್ಡದಾರಿ ಇಲ್ಲದ ಜಾಗ ಅದು, ಎರಡೂ ಕಡೆ ಜೋಳದ ಹೊಲ. ಸೈಕಲ್ಲಿನ ಹುಡುಗಿ ಎಲ್ಲಿ ಹೋದಳೆಂದು ಶಟ್ಟೆವ್ವನನ್ನು ಕೇಳಿದರೆ, ಹತ್ತಿದಾಗಿನಿಂದ ತಾನು ಹೊರಗೇ ನೋಡುತ್ತ ಕೂತಿದ್ದೇನೆ, ಯಾವ ಹುಡುಗಿಯೂ ಇರಲಿಲ್ಲ ಎಂದಳು ಮುದುಕಿ.

ಅಂದಿನಿಂದ ರೇಣುವಿನ ಕಾಲಿಗೆ ಒಂದು ತುರಿಕೆ ಹತ್ತಿತು. ಇಪ್ಪತ್ತೆರಡು ವರ್ಷ ಸೈಕಲ್ ಎಂಬ ಮಾತನ್ನೇ ಬಾಯಿಗೆ ತರದಿದ್ದವಳು, ಡ್ಯೂಟಿ ಮುಗಿಸಿ ಮನೆಗೆ ಬಂದು ರೊಟ್ಟಿ ಮುರಿಯುತ್ತ, ತನಗೊಂದು ರೇಸ್ ಸೈಕಲ್ ಬೇಕು ಎಂದಳು. ಗಂಡ ಭೀಮಶಿ ವಿದ್ಯುತ್ ಇಲಾಖೆಯ ಲೈನ್‌ಮನ್, ಮಾತಿನಲ್ಲಿ ಕುಚೇಷ್ಟೆ ಜಾಸ್ತಿ.

"ದಿನಾ ಸರ್ಕಾರದ ಬಸ್ಸಿನಾಗ ಫುಕಟ ತಿರಗಾಕಿ, ನಿನಗ್ಯಾಕ ಬೇಕ ಸೈಕಲ್ಲು?" ಎಂದ.

ರೇಣು ನಗಲಿಲ್ಲ. ಗೋಡೆಗೆ ಒರಗಿ ಕೂತಿದ್ದ ರೇಣುವಿನ ತಾಯಿ ಕೃಷ್ಣವ್ವ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಅದನ್ನು ಕಂಡು ಭೀಮಶಿ ಮಾತು ತಿರುಗಿಸಿದ. ಆ ಮನೆಯಲ್ಲಿ ಸೈಕಲ್ಲೆಂದರೆ ದುರ್ಗಾ, ದುರ್ಗಾ ಎಂದರೆ ಸೈಕಲ್ಲು ಎಂದು ಅವನಿಗೂ ಗೊತ್ತಿತ್ತು.

ದುರ್ಗಾ ರೇಣುವಿನ ಅಕ್ಕ, ಒಂದೂವರೆ ವರ್ಷಕ್ಕೆ ದೊಡ್ಡವಳು. ಅಪ್ಪ ದುರ್ಗಪ್ಪ ಗೌಂಡಿ ಕೆಲಸದವನು. ರಾಮದುರ್ಗದಲ್ಲಿ ಮಹಾದೇವ ಎಂಬುವನ ಸೈಕಲ್ ಅಂಗಡಿ ಕಟ್ಟಲು ಹೋದವನು, ಬರುವಾಗ ಅಲ್ಲಿಂದಲೇ ಯಾರೋ ಬಿಟ್ಟುಹೋದ ರೇಸ್ ಸೈಕಲ್ ಒಂದನ್ನು ತಂದ. ಹೆಣ್ಣುಮಕ್ಕಳು ಬಗ್ಗಿದ ಹ್ಯಾಂಡಲ್ಲಿನ ಸೈಕಲ್ ಹತ್ತಿ ಮುರಗೋಡದ ಓಣಿಯಲ್ಲಿ ಹೊರಟಾಗ ನಕ್ಕವರಿಗೆ ಲೆಕ್ಕವಿಲ್ಲ. ಮೊದಲ ಸಲ ಕಿತ್ತೂರಿನ ಸ್ಪರ್ಧೆಯಲ್ಲಿ ಇಬ್ಬರೂ ಬಹುಮಾನ ಹೊಡೆದುಕೊಂಡು ಬಂದ ಮೇಲೆ ನಗು ನಿಂತಿತು, ಮನೆಯಲ್ಲಿ ಜಗಳ ಶುರುವಾಯಿತು. ಸೈಕಲ್ ಒಂದು, ಸವಾರರು ಇಬ್ಬರು.

ಆ ಜಗಳಕ್ಕೆ ಕೃಷ್ಣವ್ವ ಪಾಳಿ ಹಚ್ಚಿದಳು. ಸೋಮವಾರ, ಬುಧವಾರ, ಶುಕ್ರವಾರ ದುರ್ಗಾಳದು. ಮಂಗಳವಾರ, ಗುರುವಾರ, ಶನಿವಾರ ರೇಣುದು. ಭಾನುವಾರ ಸೈಕಲ್ಲಿಗೆ ಎಣ್ಣೆ ಹಾಕಿ ಒರೆಸಿ ಇಡುವುದು. ದುರ್ಗಾಳ ಕಾಲು ಉದ್ದ, ಅವಳಿಗೆ ಸೀಟು ಎರಡು ಬೆರಳು ಎತ್ತರ ಬೇಕು. ದಿನಾ ಅಳೆಯುವ ರಗಳೆ ಬೇಡವೆಂದು ಮಹಾದೇವ ಸೀಟಿನ ಪೈಪಿನ ಮೇಲೆ ಗರಗಸದ ಬ್ಲೇಡಿನಿಂದ ಗುರುತು ಹಾಕಿಕೊಟ್ಟಿದ್ದ: ದುರ್ಗಾಳ ಎತ್ತರಕ್ಕೆ ಒಂದು ಗೀರು, ರೇಣುವಿನ ಎತ್ತರಕ್ಕೆ ಜೋಡಿ ಗೀರು. ಸೀಟನ್ನು ಇಳಿಸಿ ಜೋಡಿ ಗೀರನ್ನು ಸೀಟು ಬಿಗಿಯುವ ಕ್ಲಿಪ್ಪಿನ ಬಾಯಿಗೆ ತಂದರೆ ದುರ್ಗಾಳ ಒಂಟಿ ಗೀರು ಚೌಕಟ್ಟಿನೊಳಗೆ ಇಳಿದು ಮರೆಯಾಗುತ್ತಿತ್ತು. ಸ್ಪ್ಯಾನರ್ ಮಾತ್ರ ಕೃಷ್ಣವ್ವನ ಎಲೆ ಅಡಿಕೆಯ ಚೀಲದಲ್ಲಿ. ಸಂಜೆ ದೀಪ ಹಚ್ಚಿದ ಮೇಲೆ ಅವಳೇ ಪಡಸಾಲೆಗೆ ಬಂದು, ನಾಳೆ ಯಾರ ಪಾಳಿ ಎಂದು ಕೇಳಿ, ಅವರ ಗೀರಿಗೆ ಸೀಟು ಬಿಗಿದು ಹೋಗುತ್ತಿದ್ದಳು. ಜೊತೆಗೆ ಶೇಂಗಾ ಬೆಲ್ಲದ ಒಂದು ಗಂಟು ಹ್ಯಾಂಡಲ್ಲಿಗೆ.

ಅವತ್ತು ಮಂಗಳವಾರ. ಜಿಲ್ಲಾ ತಂಡದ ಆಯ್ಕೆಗೆ ಒಂದೇ ವಾರ ಉಳಿದಿತ್ತು. ರೇಣುಗೆ ಹಿಂದಿನ ಸಂಜೆಯಿಂದ ಜ್ವರ ಏರಿ ಕಣ್ಣು ಬಿಡಲಾಗುತ್ತಿರಲಿಲ್ಲ. ಬೆಳಗಿನ ಜಾವ ಹಣೆಯ ಮೇಲೆ ಯಾರದೋ ತಣ್ಣನೆಯ ಕೈ ಬಂದಂತಾಯಿತು. "ಮಲಕೋ. ನಿನ್ನ ಪಾಳಿ ನಿನಗ ಇರತೈತಿ" ಎಂದ ಹಾಗಾಯಿತು. ಹಿಂದಿನ ಚಕ್ರದ ಫ್ರೀವೀಲಿನ ಟಿಕ್ ಟಿಕ್ ಓಣಿಯ ತುದಿಯವರೆಗೆ ಕೇಳಿತು. ಜ್ವರದಲ್ಲಿ ಕೇಳಿದ್ದು ನಿಜವೋ ಕನಸೋ ರೇಣುಗೆ ಇಂದಿಗೂ ತಿಳಿಯದು. ದುರ್ಗಾ ತಿರುಗಿ ಬರಲಿಲ್ಲ. ಮಂಜು ಕರಗಿದ ಮೇಲೆ ದುರ್ಗಪ್ಪ ಹುಡುಕುತ್ತ ಹೋದ, ಆಮೇಲೆ ಊರು ಹೋಯಿತು, ಆಮೇಲೆ ಪೊಲೀಸರು. ಮುನವಳ್ಳಿಯ ಆಚೆ ಮಲಪ್ರಭೆಯ ಹಿನ್ನೀರಿಗೆ ಬಲೆ ಹಾಕಿ ಎಳೆದರು. ಹುಡುಗಿಯೂ ಸಿಗಲಿಲ್ಲ, ಸೈಕಲ್ಲೂ ಸಿಗಲಿಲ್ಲ.

ಸೈಕಲ್ ಸಮೇತ ಹೋಗಿದ್ದಾಳೆ ಎಂದರೆ ಯಾರದೋ ಜೊತೆ ಓಡಿ ಹೋಗಿದ್ದಾಳೆ ಎಂದು ಊರಿನ ನಾಲಿಗೆ ತೀರ್ಪು ಕೊಟ್ಟಿತು. ಆ ಮಾತಿಗೇ ದುರ್ಗಪ್ಪ ಸೊರಗಿ ಸತ್ತ. ಕೃಷ್ಣವ್ವ ಮಗಳಿಗಾಗಿ ಅಳಲಿಲ್ಲ, ಅವಳ ಉತ್ತರಕ್ರಿಯೆ ಮಾಡಲೂ ಬಿಡಲಿಲ್ಲ, ಪಾಳಿ ಮುಗಿಸಿ ಬರುತ್ತಾಳೆ ಎಂದಷ್ಟೇ ಹೇಳುತ್ತಿದ್ದಳು. ಇನ್ನು ರೇಣು? ಅವಳಿಗೆ ದುಃಖಕ್ಕಿಂತ ಸಿಟ್ಟೇ ದೊಡ್ಡದಾಗಿತ್ತು. ಅಕ್ಕ ತನ್ನ ಪಾಳಿಯನ್ನು ಕಸಿದುಕೊಂಡು ಹೋದಳು, ಹೋಗುವಾಗ ಸೈಕಲ್ಲನ್ನೂ, ಆಯ್ಕೆಯನ್ನೂ, ತಾಯಿಯ ಮನಸ್ಸನ್ನೂ ಕಟ್ಟಿಕೊಂಡು ಹೋದಳು. ಈ ಸಿಟ್ಟನ್ನು ಅವಳು ಯಾರಿಗೂ ತೋರಿಸಲಿಲ್ಲ. ಅದು ಒಳಗೇ ಕೂತು, ಅದಕ್ಕೂ ಅವಳ ಜೊತೆಗೇ ವಯಸ್ಸಾಯಿತು.

ಹಾಗಾಗಿ ಸೈಕಲ್ ಆರಿಸುವ ಹೊತ್ತಿಗೆ ರೇಣುವಿನದು ಒಂದೇ ಹಟ: ತನ್ನ ಸೈಕಲ್ಲಿನ ಮೇಲೆ ಮೊದಲು ಯಾರೂ ಕೂತಿರಬಾರದು, ಮುಂದೆ ಯಾರಿಗೂ ಪಾಳಿ ಇರಬಾರದು. ಬೈಲಹೊಂಗಲದ ಅಂಗಡಿಯವನು ದಪ್ಪ ಟೈರಿನ, ಮುಂದೆ ಸ್ಪ್ರಿಂಗು ಇದ್ದ ಸೈಕಲ್ ತೋರಿಸಿ ನಮ್ಮ ರಸ್ತೆಗೆ ಇದೇ ಸರಿ ಎಂದ. ಎತ್ತಿ ನೋಡಿದಳು, ಕಬ್ಬಿನ ಹೊರೆಯಷ್ಟು ಭಾರ. ಇಳಿಸಿ ಬಂದಳು. ರಜೆ ಹಾಕಿ ರಾಮದುರ್ಗಕ್ಕೆ ಹೋದಳು. ಮಹಾದೇವನಿಗೆ ತಲೆಯೆಲ್ಲ ಬೆಳ್ಳಗಾಗಿತ್ತು, ಅವಳನ್ನು ಕಂಡು ಗುರುತು ಹಿಡಿಯಲು ಹೊತ್ತಾಗಲಿಲ್ಲ. ಸೈಕಲ್ ಬೇಕು ಎಂದದ್ದೇ ಒಳಗಿನಿಂದ ಒಂದು ಹಳೆಯ ಉಕ್ಕಿನ ರೇಸ್ ಸೈಕಲ್ ತಂದು ನಿಲ್ಲಿಸಿದ. ತಿರುಗಿ ಶುರು ಮಾಡುವವರಿಗೆ ಹಳೆಯದೇ ಮೇಲು, ಮೈಗೆ ಪರಿಚಯ ಇರುತ್ತದೆ ಎಂದ.

"ಹಳೇದು ಬ್ಯಾಡ ಕಾಕಾ," ಎಂದಳು ರೇಣು. "ಹೊಸಾದು ಬೇಕು. ನನ್ನೊಬ್ಬಾಕಿಂದ ಆಗಿರಬೇಕು."

ಮಹಾದೇವ ಹುಬ್ಬಳ್ಳಿಯಿಂದ ತರಿಸಿಕೊಟ್ಟ. ಬೂದುಬಣ್ಣದ ಅಲ್ಯೂಮಿನಿಯಂ ಸೈಕಲ್, ಬಗ್ಗಿದ ಹ್ಯಾಂಡಲ್, ಬ್ರೇಕಿನ ಹಿಡಿಯಲ್ಲೇ ಗೇರು. ಟೈರಿನ ವಿಚಾರಕ್ಕೆ ಇಬ್ಬರಿಗೂ ಸ್ವಲ್ಪ ಜಟಾಪಟಿ ನಡೆಯಿತು. ತೆಳ್ಳಗಿನದು ಚುರುಕು ಎಂದು ಅವನು, ಕಬ್ಬಿನ ಟ್ರಾಲಿಗಳು ಕಿತ್ತ ರಸ್ತೆಯಲ್ಲಿ ಅದು ನಾಲ್ಕು ದಿನ ಬಾಳುವುದಿಲ್ಲ ಎಂದು ಇವಳು. ಕೊನೆಗೆ ಒಂದು ಅಳತೆ ಅಗಲದ್ದು ಹಾಕಿಸಿದಳು. ಎತ್ತರ ನೋಡುವುದು ಮಾತ್ರ ಹಳೆಯ ಪದ್ಧತಿಯಲ್ಲೇ ಆಯಿತು. ಸೀಟನ್ನು ಬಗಲಿಗೆ ಒತ್ತಿಕೊಂಡು ಕೈ ಚಾಚಿದರೆ ನಡುಬೆರಳಿನ ತುದಿ ಪೆಡಲ್ ತಿರುಗುವ ಅಚ್ಚಿಗೆ ತಾಗಬೇಕು. ತಾಗಿತು. ಆ ಎತ್ತರಕ್ಕೆ ಸೀಟು ಬಿಗಿದು, ಕ್ಲಿಪ್ಪಿನ ಬಾಯಿಗೆ ಸರಿಯಾಗಿ ಪೈಪಿನ ಸುತ್ತ ಕೆಂಪು ಟೇಪು ಸುತ್ತಿದ. ಬಿಗಿಯುವ ಅಲೆನ್ ಕೀಲಿಯನ್ನು ಅವಳ ಕೈಗೇ ಕೊಟ್ಟ. ಶಿವರಾತ್ರಿ ಕಳೆದ ಭಾನುವಾರ ಸೈಕಲ್ ಮುರಗೋಡದ ಮನೆಯ ಪಡಸಾಲೆಗೆ ಬಂತು.

ಡ್ಯೂಟಿಯನ್ನು ತಡವಾದ ಗಾಡಿಗೆ ಬದಲಿಸಿಕೊಂಡಿದ್ದ ರೇಣು ಸೋಮವಾರ ಬೆಳಗಿನ ಜಾವ ಎದ್ದು ಓಣಿ ದಾಟಿ ಕಾಲು ಹಾಕಿದರೆ ಪೆಡಲ್ ಸರಿಯಾಗಿ ನಿಲುಕಲಿಲ್ಲ. ಪ್ರತಿ ತುಳಿತಕ್ಕೂ ಸೊಂಟ ಅತ್ತಿತ್ತ ಹೊರಳುತ್ತಿತ್ತು. ಇಳಿದು ನೋಡಿದಳು. ಕೆಂಪು ಟೇಪು ಕ್ಲಿಪ್ಪಿನಿಂದ ಮೇಲಕ್ಕೆ ಎದ್ದಿತ್ತು. ಹೊಸ ಕ್ಲಿಪ್ಪು ಸಡಿಲಾಗಿರಬೇಕು ಎಂದುಕೊಂಡು, ಕೀಲಿ ಹಾಕಿ ಇಳಿಸಿ ಬಿಗಿದು ಮುಂದೆ ಹೋದಳು. ಮಂಗಳವಾರ ಸೀಟು ಇದ್ದಲ್ಲೇ ಇತ್ತು. ಬುಧವಾರ ಮತ್ತೆ ಎದ್ದಿತ್ತು, ಮೇಲೆ ತಣ್ಣಗೆ ಒದ್ದೆಯಾಗಿತ್ತು. ಮುಚ್ಚಿದ ಪಡಸಾಲೆಯಲ್ಲಿ ಇಬ್ಬನಿ ಎಲ್ಲಿಂದ ಬರಬೇಕು?

ಮಹಾದೇವನಿಗೆ ಫೋನು ಮಾಡಿದಳು. ಕ್ಲಿಪ್ಪು ಸಡಿಲಾದರೆ ಏನಾಗುತ್ತದೆ ಎಂದು ಕೇಳಿದಳು.

"ಮೈಭಾರಕ್ಕ ಕೆಳಗ ಜಾರತೈತಿ ನೋಡವ್ವಾ. ಎಲ್ಲಾ ಸೀಟೂ ಜಾರತಾವ. ಮ್ಯಾಲ ಏರೂದು ಮಾತ್ರ ನಾ ಈ ಜನ್ಮದಾಗ ಕಂಡಿಲ್ಲ" ಎಂದ ಮಹಾದೇವ. ಎಷ್ಟು ಏರಿದೆ ಎಂದು ಕೇಳಿದ. ರೇಣು ಟೇಪಿಗೂ ಕ್ಲಿಪ್ಪಿಗೂ ನಡುವೆ ಬೆರಳಿಟ್ಟು ನೋಡಿದಳು. ಎರಡು ಬೆರಳು ಸರಿಯಾಗಿ ಹಿಡಿದವು. ಅಷ್ಟನ್ನೇ ಹೇಳಿ ಫೋನು ಇಟ್ಟಳು.

ಮೊದಲು ಅನುಮಾನ ಹೋದದ್ದು ಗಂಡನ ಮೇಲೆ. ಭೀಮಶಿ ಆಣೆ ಮಾಡಿ ಹೇಳಿದ. ಆಮೇಲೆ ತಾಯಿಯ ಮೇಲೆ. ಆದರೆ ಕೃಷ್ಣವ್ವನ ಬೆರಳುಗಳು ವಾತಕ್ಕೆ ಸೊಟ್ಟಗಾಗಿ, ರೊಟ್ಟಿ ತಟ್ಟುವುದನ್ನೂ ಬಿಟ್ಟು ಎಷ್ಟೋ ವರ್ಷವಾಗಿತ್ತು. ರೇಣು ಅಲೆನ್ ಕೀಲಿಯನ್ನು ಟಿಕೆಟ್ ಚೀಲಕ್ಕೆ ಹಾಕಿ ತಲೆದಿಂಬಿನ ಕೆಳಗೆ ಇಟ್ಟು ಮಲಗಿದಳು. ಶುಕ್ರವಾರ ಸೀಟು ಎದ್ದಿತ್ತು. ಭೀಮಶಿಗೆ ಛಲ ಬಂತು. ಕಂಬ ಹತ್ತುವ ಮನುಷ್ಯ, ತಂತಿ ಬಿಗಿಯುವುದರಲ್ಲಿ ಎತ್ತಿದ ಕೈ. ಭಾನುವಾರ ಸಂಜೆ ಸೀಟನ್ನು ಚೌಕಟ್ಟಿಗೆ ಸೇರಿಸಿ ತಂತಿ ಸುತ್ತಿ, ಇಕ್ಕಳದಿಂದ ಹೊಸೆದು ಗಂಟು ಹಾಕಿದ. ಬೆಳಿಗ್ಗೆ ಸೀಟು ಎರಡು ಬೆರಳು ಮೇಲಿತ್ತು. ತಂತಿ ತುಂಡಾಗಿರಲಿಲ್ಲ. ಬಿಚ್ಚಿ, ನೆಟ್ಟಗೆ ಮಾಡಿ, ಬಳೆಯ ಹಾಗೆ ದುಂಡಗೆ ಸುತ್ತಿ ಚಕ್ರದ ಪಕ್ಕಕ್ಕೆ ಇಟ್ಟಿತ್ತು. ಅಂದಿನಿಂದ ಭೀಮಶಿಯ ಕುಚೇಷ್ಟೆ ಬಂದಾಯಿತು. ಸೈಕಲ್ಲನ್ನು ಮಹಾದೇವನಿಗೆ ತಿರುಗಿ ಕೊಟ್ಟುಬಿಡೋಣ ಎಂದು ದಿನಾ ಹೇಳತೊಡಗಿದ.

ಭೀಮಶಿಗೆ ಹೆದರಿಕೆ, ರೇಣುಗೆ ಹೆದರಿಕೆಯ ಜೊತೆ ಹೊಟ್ಟೆಕಿಚ್ಚು. ನಲವತ್ತು ದಾಟಿದ ಹೆಂಗಸು ಇಪ್ಪತ್ತರ ಅಕ್ಕನ ಮೇಲೆ ಹೊಟ್ಟೆಕಿಚ್ಚು ಪಡುವುದು ನಗೆಗೇಡು, ಅದು ಅವಳಿಗೂ ಗೊತ್ತಿತ್ತು. ಆದರೂ ಒಳಗೆ ಕುದಿಯುತ್ತಿತ್ತು. ಜನ್ಮಕ್ಕೆ ಒಂದು ವಸ್ತುವನ್ನು ತನ್ನದು ಎಂದುಕೊಂಡು ತಂದರೆ ಅದರ ಮೇಲೂ ಇವಳದೇ ಪಾಳಿ. ಕೃಷ್ಣವ್ವನಿಗೆ ಮಾತ್ರ ಹೆದರಿಕೆಯೇ ಇರಲಿಲ್ಲ. ಮುದುಕಿಯ ಮುಖಕ್ಕೆ ಕಳೆ ಬಂದಿತ್ತು. ಯುಗಾದಿ ಕಳೆದ ಒಂದು ಗುರುವಾರದ ಸಂಜೆ ಕೋಲೂರಿಕೊಂಡು ಪಡಸಾಲೆಗೆ ಬಂದು, ಸೊಟ್ಟ ಬೆರಳಿನಿಂದ ಕಷ್ಟಪಟ್ಟು ಒಂದು ಗಂಟನ್ನು ಹ್ಯಾಂಡಲ್ಲಿಗೆ ಕಟ್ಟುತ್ತಿದ್ದಳು. ಬಿಳಿಯ ಬಟ್ಟೆಯಲ್ಲಿ ಶೇಂಗಾ, ಬೆಲ್ಲ. ಡ್ಯೂಟಿಯಿಂದ ಬಂದ ರೇಣು ಅದನ್ನು ನೋಡಿದಳು. ಇಷ್ಟು ವಾರಗಳಲ್ಲಿ ತನ್ನ ಪಾಳಿಗೆ ಒಮ್ಮೆಯೂ ಕಟ್ಟಿರಲಿಲ್ಲ.

"ಯವ್ವಾ, ಇದು ನನ್ನ ಸೈಕಲ್ಲು. ಇದರಾಗ ಯಾರ ಪಾಳೀನೂ ಇಲ್ಲ."

"ನಾಳೆ ಶುಕ್ಕರವಾರ," ಎಂದಳು ಕೃಷ್ಣವ್ವ. "ಆಕಿ ಪಾಳಿ ನೀ ಯಾಕ ಕಸ್ಕೋತಿ?"

"ಅವತ್ತ ನನ್ನ ಪಾಳಿ ಕಸ್ಕೊಂಡಾಕಿ ಯಾರು? ಮಂಗಳವಾರ ಇತ್ತು. ನಂದಿತ್ತು."

ಕೃಷ್ಣವ್ವ ಗಂಟಿನ ಮೇಲಿನ ಕೈ ತೆಗೆಯಲಿಲ್ಲ. ದುರ್ಗಾ ಹೋದ ಹಿಂದಿನ ಸಂಜೆ ತಾನು ಸೀಟನ್ನು ರೇಣುವಿನ ಗೀರಿಗೇ ಹಾಕಿದ್ದೆ, ಸ್ಪ್ಯಾನರ್ ತನ್ನ ಚೀಲ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ ಎಂದಳು. ರೇಣು ನಂಬಲಿಲ್ಲ. ಆಯ್ಕೆ ಒಂದು ವಾರ ಇರುವಾಗ ತಗ್ಗು ಸೀಟಿನ ಮೇಲೆ ಮೊಣಕಾಲು ಹಾಳು ಮಾಡಿಕೊಂಡು ಯಾವ ರೇಸಿನವಳು ಹೋಗುತ್ತಾಳೆ? ಓಣಿಯಲ್ಲಿ ಯಾರದೋ ಸ್ಪ್ಯಾನರ್ ಇಸಿದುಕೊಂಡು, ಸೀಟು ಏರಿಸಿಕೊಂಡೇ ಹೋಗಿದ್ದಾಳೆ. ಹಾಗೆಂದು ಒರಟಾಗಿ ಹೇಳಿ ಒಳಗೆ ಹೋದಳು.

ಮರುದಿನ ಶುಕ್ರವಾರ ಬೆಳಕು ಹರಿಯುವ ಮೊದಲು ಎದ್ದಳು. ಸೀಟು ಏರಿತ್ತು. ಅವಳು ಕೀಲಿ ತೆಗೆಯಲಿಲ್ಲ. ಇವತ್ತು ಇದನ್ನು ಇಳಿಸುವುದಿಲ್ಲ, ಅವಳ ಎತ್ತರದಲ್ಲೇ ಕೂತು, ಅವಳ ದಿನವೇ, ಅವಳು ಹೋದ ರಸ್ತೆಯಲ್ಲೇ ಹೋಗಿ ಬರುತ್ತೇನೆ, ಸೈಕಲ್ ಯಾರದೆಂದು ಇತ್ಯರ್ಥವಾಗಲಿ ಎಂದುಕೊಂಡಳು. ಇತ್ಯರ್ಥವಾಗದಿದ್ದರೆ ಭೀಮಶಿ ಹೇಳಿದಂತೆ ರಾಮದುರ್ಗಕ್ಕೆ ಒಯ್ದು ಬಿಟ್ಟು ಬರುವುದು, ಮತ್ತೆ ಈ ಜನ್ಮದಲ್ಲಿ ಸೈಕಲ್ ಮುಟ್ಟಬಾರದು. ಶೇಂಗಾದ ಗಂಟು ಹ್ಯಾಂಡಲ್ಲಿಗೆ ತೂಗುತ್ತಲೇ ಇತ್ತು. ಅದನ್ನು ಬಿಚ್ಚುವ ಮನಸ್ಸೂ ಆಗಲಿಲ್ಲ.

ಊರು ದಾಟುವವರೆಗೆ ಸೊಂಟ ನೋಯಿತು. ಆಮೇಲೆ ನೋಯಲಿಲ್ಲ. ಕಾಲು ತಾನಾಗಿ ಉದ್ದವಾದಂತೆ ಪೆಡಲ್ ಸಲೀಸಾಗಿ ನಿಲುಕತೊಡಗಿತು. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಎದುರು ಗಾಳಿ ಜೋರಾಗಿತ್ತು, ಅಕ್ಕಪಕ್ಕದ ಜಾಲಿಯ ಟೊಂಗೆಗಳು ಬಾಗುತ್ತಿದ್ದವು, ಆದರೆ ಅವಳ ಮುಖಕ್ಕೆ ಗಾಳಿ ಬಡಿಯುತ್ತಿರಲಿಲ್ಲ. ದೊಡ್ಡ ಬಸ್ಸೊಂದರ ಬೆನ್ನಿಗೆ ಬಿದ್ದವಳ ಹಾಗೆ ಹೋಗುತ್ತಿದ್ದಳು. ಮುಂದೆ ಬಸ್ಸೂ ಇಲ್ಲ, ಏನೂ ಇಲ್ಲ. ಟಿಕ್ ಟಿಕ್ ಸದ್ದು ಮಾತ್ರ ಮುಂದಿನಿಂದ ಕೇಳುತ್ತಿತ್ತು. ರೇಣು ಪೆಡಲ್ ತುಳಿಯುತ್ತಲೇ ಇದ್ದಳು. ತುಳಿಯುವಾಗ ಫ್ರೀವೀಲು ಸದ್ದು ಮಾಡುವುದಿಲ್ಲ.

ಮುನವಳ್ಳಿ ದಾಟಿತು. ಮುಂದೆ ಡಾಂಬರು ರಸ್ತೆ ಎಡಕ್ಕೆ ತಿರುಗುತ್ತದೆ. ಆಣೆಕಟ್ಟು ಕಟ್ಟುವ ಮೊದಲಿದ್ದ ಹಳೆಯ ರಸ್ತೆ ಮಾತ್ರ ತಿರುಗದೆ, ಎದುರಿಗೇ ಇಳಿದು ಹಿನ್ನೀರಿನೊಳಗೆ ಹೋಗಿಬಿಡುತ್ತದೆ. ದಿನಾ ಬಸ್ಸಿನಲ್ಲಿ ಈ ತಿರುವು ದಾಟುವ ರೇಣುಗೆ ಅದು ಚೆನ್ನಾಗಿ ಗೊತ್ತು. ತಿರುಗಬೇಕೆಂದೇ ಇದ್ದಳು. ಹ್ಯಾಂಡಲ್ಲಿನ ಮೇಲಿದ್ದ ಕೈಗಳು ತಿರುಗಲಿಲ್ಲ. ಸೈಕಲ್ ನೆಟ್ಟಗೆ ಹಳೆಯ ರಸ್ತೆಗೆ ಇಳಿಯಿತು. ಎರಡೂ ಬ್ರೇಕು ಹಿಡಿದಳು, ಜಾರಿದಳು, ನಿಂತಳು.

ನೀರು ಇರಲಿಲ್ಲ. ಬಸ್ಸಿನ ರಸ್ತೆಯಿಂದ ಇದು ಕಾಣುತ್ತಿರಲಿಲ್ಲ. ಆ ವರ್ಷ ಹಿನ್ನೀರು ಯಾರ ನೆನಪಿನಲ್ಲೂ ಇಲ್ಲದಷ್ಟು ಕೆಳಗೆ ಇಳಿದು, ಹಳೆಯ ರಸ್ತೆ ಬಿರಿದ ಹೂಳಿನ ನಡುವೆ ದೂರದವರೆಗೂ ಬಿದ್ದುಕೊಂಡಿತ್ತು. ಹೊಲಗಳಿಗೆ ಹೂಳು ಹೊಡೆಯುವ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಕೆಲಸದ ಉಸ್ತುವಾರಿ ನೋಡುವ ನೀಲಪ್ಪ ಎಂಬ ವಯಸ್ಸಾದ ಮನುಷ್ಯ ಚಹಾ ಕಾಸುತ್ತಿದ್ದವನು ಎದ್ದು ಬಂದ. ರೇಣುವಿನ ಹಿಂದೆ ಮುಂದೆ ನೋಡಿದ.

"ಮ್ಯಾಲಿಂದ ಇಬ್ಬರು ಇಳದಂಗ ಕಂಡ್ರಿ," ಎಂದ. "ಮುಂದ ಇದ್ದಾಕಿ ಎಲ್ಲಿ ಹೋದ್ಲು?"

ರೇಣುವಿನ ಕಣ್ಣು ನೀಲಪ್ಪನ ಹಿಂದಿದ್ದ ಹಳೆಯ ಮೈಲಿಗಲ್ಲಿನ ಮೇಲಿತ್ತು. ಅದಕ್ಕೆ ಒಂದು ಸೈಕಲ್ಲನ್ನು ಒರಗಿಸಿ ಇಟ್ಟಿದ್ದರು. ಹಿಂದಿನ ಸಂಜೆ ಜೆಸಿಬಿಯ ಬಾಯಿಗೆ ಹೂಳಿನ ಜೊತೆ ಬಂತು, ಪಾಪ ಯಾರದೋ ಏನೋ ಎಂದು ತೆಗೆದಿಟ್ಟೆ ಎಂದು ನೀಲಪ್ಪ ಹೇಳುತ್ತಿದ್ದ. ಟೈರು ಕೊಳೆತು ಹೋಗಿತ್ತು, ಸರಪಳಿ ಮಣ್ಣಿನ ಹೆಂಟೆಯಾಗಿತ್ತು, ಬಗ್ಗಿದ ಹ್ಯಾಂಡಲ್ಲಿನಿಂದ ಹೂಳು ಇನ್ನೂ ಉದುರುತ್ತಿತ್ತು. ರೇಣು ಹತ್ತಿರ ಹೋಗಿ ಮೊಣಕಾಲೂರಿ ಕೂತು, ದುಪಟ್ಟಾದ ತುದಿಯಿಂದ ಸೀಟಿನ ಪೈಪನ್ನು ಒರೆಸಿದಳು.

ತುಕ್ಕು ಹಿಡಿದು ಪೈಪೂ ಕ್ಲಿಪ್ಪೂ ಒಂದಾಗಿಬಿಟ್ಟಿದ್ದವು. ಕ್ಲಿಪ್ಪಿನ ಬಾಯಿಗೆ ಸರಿಯಾಗಿ ಗರಗಸದ ಬ್ಲೇಡಿನ ಗುರುತು. ಉಗುರಿನಿಂದ ಮಣ್ಣು ಕೆರೆದಳು. ಒಂದು ಗೀರಲ್ಲ, ಎರಡು. ಜೋಡಿ ಗೀರು.

ದುರ್ಗಾ ಸೀಟು ಏರಿಸಿಕೊಂಡಿರಲಿಲ್ಲ. ಪಾಳಿ ತಂಗಿಯದು, ಸೀಟು ತಂಗಿಯದು, ಬೇಗ ಹೋಗಿ ಬಂದು ಇದ್ದ ಹಾಗೇ ಇಡಬೇಕು ಎಂದು, ಮೊಣಕಾಲು ಎದೆಗೆ ಮಡಚಿಕೊಂಡು, ತಲೆ ತಗ್ಗಿಸಿ, ಮಂಜಿನಲ್ಲಿ ತಿರುವು ಕಾಣದೆ ನೆಟ್ಟಗೆ ಇಳಿದುಬಿಟ್ಟಿದ್ದಳು. ಮಲಕೋ, ನಿನ್ನ ಪಾಳಿ ನಿನಗೇ ಇರುತ್ತದೆ ಎಂದದ್ದು ಕನಸಲ್ಲ. ಬಸ್ಸಿನ ಹಿಂದೆ ಬಂದವಳು ಯಾರೆಂದೂ ರೇಣುಗೆ ಈಗ ಅರ್ಥವಾಯಿತು. ಇಪ್ಪತ್ತೆರಡು ವರ್ಷ ನೀರಿನ ಕೆಳಗೆ ಅಕ್ಕ ತಂಗಿಯ ತಗ್ಗು ಸೀಟಿನ ಮೇಲೆ ಕುಗ್ಗಿ ಕೂತಿದ್ದಳು. ಇಪ್ಪತ್ತೆರಡು ವರ್ಷ ತಂಗಿ ಅವಳನ್ನು ಕಳ್ಳಿ ಎಂದುಕೊಂಡಿದ್ದಳು. ರೇಣು ಆ ಮೈಲಿಗಲ್ಲನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನೀಲಪ್ಪ ಏನೂ ತಿಳಿಯದೆ ಚಹಾದ ಲೋಟ ಹಿಡಿದು ನಿಂತೇ ಇದ್ದ.

ಪೊಲೀಸರು ಬಂದರು, ಬರೆದುಕೊಂಡರು. ಹೂಳಿನಲ್ಲಿ ಮತ್ತೇನೂ ಸಿಗಲಿಲ್ಲ. ಶನಿವಾರ ಸಂಜೆ ನೀಲಪ್ಪನ ಟ್ರ್ಯಾಕ್ಟರಿನಲ್ಲೇ ಹಳೆಯ ಸೈಕಲ್ ಮುರಗೋಡಕ್ಕೆ ಬಂತು. ಓಡಿ ಹೋದವಳು ಎಂದು ನಾಲಿಗೆ ಹರಿಬಿಟ್ಟಿದ್ದ ಓಣಿ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿತು. ರೇಣು ತಾಯಿಯ ಸೊಟ್ಟ ಬೆರಳನ್ನು ಹಿಡಿದು ಜೋಡಿ ಗೀರಿನ ಮೇಲೆ ಇಟ್ಟಳು. ಕೃಷ್ಣವ್ವ ಬೆರಳಾಡಿಸಿ ನೋಡಿದಳು. ಎಲೆ ಅಡಿಕೆಯ ಚೀಲದಿಂದ ಸ್ಪ್ಯಾನರ್ ತೆಗೆದು ನಟ್ಟಿಗೆ ಹಾಕಿದಳು, ಅದು ತಿರುಗಲಿಲ್ಲ. ಆಗ ಮುದುಕಿ ಮೊದಲ ಸಲ ಮಗಳ ಹೆಸರು ಹಿಡಿದು ಅತ್ತಳು. ಮಾಡದೆ ಬಿಟ್ಟಿದ್ದ ಕರ್ಮವನ್ನು ಮಾಡಿ ಮುಗಿಸೋಣ ಎಂದು ತಾನೇ ಭೀಮಶಿಗೆ ಹೇಳಿದಳು.

ಭಾನುವಾರ ಸಂಜೆ ದೀಪ ಹಚ್ಚಿದ ಮೇಲೆ ರೇಣು ಹೊಸ ಸೈಕಲ್ಲಿನ ಮುಂದೆ ಕೂತಳು. ಟಿಕೆಟ್ ಚೀಲದಿಂದ ಕೀಲಿ ತೆಗೆದು, ಕ್ಲಿಪ್ಪು ಸಡಿಲಿಸಿ, ತನ್ನ ಕೈಯಾರೆ ಸೀಟನ್ನು ಎರಡು ಬೆರಳು ಏರಿಸಿ ಬಿಗಿದಳು. ಆ ಎತ್ತರಕ್ಕೆ ಭೀಮಶಿ ತನ್ನ ಕೆಲಸದ ಕಪ್ಪು ಟೇಪು ಸುತ್ತಿಕೊಟ್ಟ. ಕೃಷ್ಣವ್ವ ಗಂಟು ಕಟ್ಟಿದಳು. ಸೋಮವಾರ ರೇಣು ಸೈಕಲ್ ಮುಟ್ಟಲಿಲ್ಲ. ಸಂಜೆ ಡ್ಯೂಟಿಯಿಂದ ಬಂದವಳು ಮರುದಿನಕ್ಕೆ ಸೀಟು ಇಳಿಸಲು ಕೀಲಿ ತೆಗೆದಾಗ ಕೃಷ್ಣವ್ವ ಅವಳ ಕೈ ಹಿಡಿದಳು.

"ನೀ ಇಳಸಬ್ಯಾಡ. ನಾಳೆ ಯಾರ ಪಾಳಿ ಅಂತ ಆಕಿಗೆ ಗೊತ್ತೈತಿ."

ಮಂಗಳವಾರ ಬೆಳಗಿನ ಜಾವ ರೇಣು ಪಡಸಾಲೆಗೆ ಬಂದಳು. ಹ್ಯಾಂಡಲ್ಲಿಗೆ ಶೇಂಗಾ ಬೆಲ್ಲದ ಗಂಟು ತೂಗುತ್ತಿತ್ತು, ಈ ಸಲ ಅವಳಿಗೆ. ಸೀಟು ಇಳಿದಿತ್ತು. ಕೆಂಪು ಟೇಪು ಕ್ಲಿಪ್ಪಿನ ಬಾಯಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೂತಿತ್ತು. ಸೀಟುಗಳು ಕೆಳಗೆ ಜಾರುವುದು ಸಹಜ, ಮಹಾದೇವ ಕಾಕಾನೇ ಹೇಳಿದ್ದಾನೆ. ರೇಣು ಅದರ ಮೇಲೆ ಕೈ ಇಟ್ಟಳು. ಈಗಷ್ಟೇ ಯಾರೋ ಇಳಿದು ಹೋದಂತೆ ಸೀಟು ಬೆಚ್ಚಗಿತ್ತು. ಅವಳು ಬಾಗಿಲು ತೆಗೆದು, ಸೈಕಲ್ಲನ್ನು ಓಣಿಗೆ ಇಳಿಸಿ, ಹತ್ತಿ ಕೂತಳು.